ಪೈಲಟ್, ಗಗನಸಖಿಯರ ದೇಹಕ್ಕೆ ಹಾರಾಟ ಏನು ಮಾಡುತ್ತದೆ?

2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾದದ್ದು ನೆನಪಿದೆ ಅಲ್ವಾ? ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಲಿಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಜನ ಬ್ಯಾಗು ತಲೆದಿಂಬು ಮಾಡಿಕೊಂಡು ನೆಲದ ಮೇಲೆ ಮಲಗಿದರು. ಹುಬ್ಬಳ್ಳಿಯ ಒಂದು ಆರತಕ್ಷತೆಗೆ ಮದುಮಕ್ಕಳೇ ಬರಲಾಗದೆ ವಿಡಿಯೊ ಪರದೆಯ ಮೇಲೆ ಕಾಣಿಸಿಕೊಂಡರು.

ಆಗ ಟೀವಿಯಲ್ಲಿ ಪದೇ ಪದೇ ಕೇಳಿಬಂದ ಮಾತು ‘ಎಫ್‌ಡಿಟಿಎಲ್’. ಪೈಲಟ್‌ಗಳು ಎಷ್ಟು ಹೊತ್ತು ಕೆಲಸ ಮಾಡಬಹುದು, ಎಷ್ಟು ಹೊತ್ತು ವಿಶ್ರಾಂತಿ ಪಡೆಯಲೇಬೇಕು ಎಂದು ವಿಮಾನಯಾನದ ಮೇಲೆ ಕಣ್ಣಿಟ್ಟಿರುವ ಸರ್ಕಾರಿ ಸಂಸ್ಥೆ ಡಿಜಿಸಿಎ ಹಾಕಿದ ಮಿತಿ ಅದು. ಪರಿಷ್ಕರಿಸಿದ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಜಾರಿಗೆ ಬಂದಿತ್ತು. ಅದಕ್ಕೆ ತಕ್ಕ ಹಾಗೆ ಪೈಲಟ್‌ಗಳನ್ನು ಹೊಂದಿಸಿಕೊಳ್ಳುವುದರಲ್ಲಿ ವಿಮಾನ ಸಂಸ್ಥೆ ಎಡವಿತ್ತು.

‘ಎಸಿಯಲ್ಲಿ ಕೂತು ಕೆಲಸ ಮಾಡೋರಿಗೆ ಇಷ್ಟೊಂದು ವಿಶ್ರಾಂತಿ ಯಾಕೆ?’ ಎಂದು ಆ ವಾರ ಬಹಳ ಜನ ಕೇಳಿದರು. ಹೊರಗಿನಿಂದ ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಆ ಎಸಿ ಕೋಣೆ ಇರುವುದು ನೆಲದಿಂದ ಹತ್ತು ಹನ್ನೊಂದು ಕಿಲೋಮೀಟರ್ ಮೇಲೆ. ಅಲ್ಲಿ ಗಾಳಿ ಬೇರೆ, ಬಿಸಿಲು ಬೇರೆ, ಗಡಿಯಾರವೂ ಬೇರೆ. ವರ್ಷಕ್ಕೆ ಎರಡು ಸಲ ಹಾರುವ ನಮಗೆ ಅದರ ಲೆಕ್ಕ ಹತ್ತುವುದಿಲ್ಲ. ಅದೇ ಕೆಲಸ ಮಾಡಿಕೊಂಡಿರುವವರಿಗೆ ಹತ್ತುತ್ತದೆ.

## ಮೊದಲು ನಾಲ್ಕು ಪದ

ಪೈಲಟ್ ವಿಮಾನ ಹಾರಿಸಿದ ಸಮಯಕ್ಕೆ ‘ಫ್ಲೈಟ್ ಟೈಮ್’ ಎನ್ನುತ್ತಾರೆ. ಭಾರತದಲ್ಲಿ ಒಬ್ಬ ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ. ಇದನ್ನು ಕೇಳಿದ ತಕ್ಷಣ, ‘ದಿನಕ್ಕೆ ಮೂರು ಗಂಟೆಯೂ ಇಲ್ವಲ್ಲ’ ಅನ್ನಿಸುತ್ತದೆ. ಇಲ್ಲೇ ಎರಡನೇ ಪದ ಬೇಕಾಗುವುದು: ‘ಡ್ಯೂಟಿ’. ನಿಲ್ದಾಣಕ್ಕೆ ಬಂದು ಹಾಜರಿ ಹಾಕುವುದು, ಹವಾಮಾನ ನೋಡುವುದು, ಇಂಧನದ ಲೆಕ್ಕ, ಒಂದು ವಿಮಾನ ಇಳಿದು ಮತ್ತೊಂದು ಹೊರಡುವವರೆಗಿನ ಕಾಯುವಿಕೆ, ಮಂಜು ಕವಿದರೆ ರನ್‌ವೇ ಪಕ್ಕದಲ್ಲಿ ಕೂರುವುದು, ಎಲ್ಲವೂ ಡ್ಯೂಟಿಯ ಲೆಕ್ಕಕ್ಕೇ ಬರುತ್ತದೆ. ಹಾರಾಟ ಆರು ಗಂಟೆ ಇದ್ದರೆ ಡ್ಯೂಟಿ ಹತ್ತು ಗಂಟೆ ದಾಟಬಹುದು.

ಯಾರು ಯಾವಾಗ ಎಲ್ಲಿಗೆ ಹಾರಬೇಕು ಎಂಬ ಪಟ್ಟಿ ‘ರೋಸ್ಟರ್’. ಬೇರೆ ಊರಿನ ಹೋಟೆಲ್‌ನಲ್ಲಿ ತಂಗುವುದು ‘ಲೇಓವರ್’. ಗಗನಸಖಿಯರಿಗೂ ಗಗನಸಖರಿಗೂ ಸೇರಿಸಿ ಈ ಬರಹದಲ್ಲಿ ಕ್ಯಾಬಿನ್ ಸಿಬ್ಬಂದಿ ಅನ್ನುತ್ತೇನೆ.

## ಮುಳ್ಳಯ್ಯನಗಿರಿಗಿಂತ ಎತ್ತರದ ಗಾಳಿ

ಜೆಟ್ ವಿಮಾನಗಳು ಸಾಮಾನ್ಯವಾಗಿ 35,000 ಅಡಿ ಆಸುಪಾಸಿನಲ್ಲಿ ಹಾರುತ್ತವೆ. ಅಲ್ಲಿನ ಗಾಳಿ ಎಷ್ಟು ತೆಳು ಅಂದರೆ, ಹೊರಗೆ ತಲೆ ಹಾಕಿದವರು ಒಂದು ನಿಮಿಷದೊಳಗೇ ಪ್ರಜ್ಞೆ ಕಳೆದುಕೊಳ್ಳುತ್ತಾರೆ. ಹಾಗಾಗಿ ವಿಮಾನದ ಒಳಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ನೆಲದ ಮಟ್ಟದಷ್ಟು ಮಾತ್ರ ತುಂಬುವುದಿಲ್ಲ. ಒಳಗೆ ಒತ್ತಡ ಹೆಚ್ಚಾದಷ್ಟೂ ವಿಮಾನದ ಗೋಡೆ ಗಟ್ಟಿಯಾಗಬೇಕು, ತೂಕ ಏರುತ್ತದೆ. ಅದಕ್ಕೆ ಒಂದು ಮಿತಿ ಇಟ್ಟಿದ್ದಾರೆ. ಮಾಮೂಲಿ ಹಾರಾಟದಲ್ಲಿ ಒಳಗಿನ ಒತ್ತಡ 8,000 ಅಡಿ ಎತ್ತರದ ಬೆಟ್ಟದ ಮೇಲಿರುವುದಕ್ಕಿಂತ ಕಡಿಮೆ ಆಗಬಾರದು.

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ಊಟಿ ಪಟ್ಟಣ ಸುಮಾರು 7,350 ಅಡಿ. ಅಂದರೆ ಹಳೆಯ ಮಾದರಿಯ ವಿಮಾನದಲ್ಲಿ ಕೂತಾಗ ದೇಹ ಊಟಿಗಿಂತ ಮೇಲಿರಬಹುದು. ಬೋಯಿಂಗ್ 787, ಏರ್‌ಬಸ್ ಎ350ಯಂಥ ಹೊಸ ವಿಮಾನಗಳಲ್ಲಿ ಇದನ್ನು 6,000 ಅಡಿಗೆ ಇಳಿಸಿದ್ದಾರೆ.

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಆಕ್ಸಿಮೀಟರ್ ಎಲ್ಲರಿಗೂ ಗೊತ್ತು. 94ಕ್ಕಿಂತ ಕೆಳಗೆ ಬಂದರೆ ಮನೆಯವರ ಎದೆ ಹೊಡೆದುಕೊಳ್ಳುತ್ತಿತ್ತು. 8,000 ಅಡಿ ಒತ್ತಡದಲ್ಲಿ ಆರೋಗ್ಯವಂತರ ಓದೂ 90ರಿಂದ 93ರ ನಡುವೆ ಇಳಿಯುತ್ತದೆ. ಗಟ್ಟಿಮುಟ್ಟಾದವರಿಗೆ ಇದರಿಂದ ಅಪಾಯವಿಲ್ಲ. ಆದರೆ ಇದೇ ಗಾಳಿಯಲ್ಲಿ ಓಡಾಡುತ್ತಾ, ಟ್ರಾಲಿ ತಳ್ಳುತ್ತಾ, ಗಂಟೆಗಟ್ಟಲೆ ನಿಂತು ಕೆಲಸ ಮಾಡುವವರಿಗೆ ಆಯಾಸ ಬೇಗ ಹತ್ತುತ್ತದೆ, ತಲೆನೋವೂ ಬರುತ್ತದೆ.

ಗಾಳಿ ತೆಳು ಇರುವುದಲ್ಲದೆ ಒಣಗಿಯೂ ಇರುತ್ತದೆ. ಮನೆಯೊಳಗೆ ಹಿತವೆನಿಸುವ ತೇವಾಂಶ ಶೇ 40ರಿಂದ 60. ವಿಮಾನದಲ್ಲಿ ಅದು ಶೇ 20ಕ್ಕಿಂತ ಕೆಳಗಿರುತ್ತದೆ, ದೂರದ ಹಾರಾಟದಲ್ಲಿ ಇನ್ನೂ ಕಡಿಮೆ. ಕಣ್ಣು ಉರಿಯುತ್ತದೆ, ಮೂಗಿನ ಒಳಪದರ ಒಣಗುತ್ತದೆ, ತುಟಿ ಬಿರಿಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಸಿಬ್ಬಂದಿ ದೂರದ ಹಾರಾಟಕ್ಕೆ ಕನ್ನಡಕ ಹಿಡಿದು ಹೋಗುವುದು ಇದಕ್ಕೇ.

ಕಿವಿಯ ವಿಷಯ ಬೇರೆ. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ವಿಮಾನದಲ್ಲೂ ಅದೇ ಆಗುತ್ತದೆ. ಕಿವಿಯ ಒಳಭಾಗವನ್ನು ಗಂಟಲ ಹಿಂಭಾಗಕ್ಕೆ ಸೇರಿಸುವ ಸಣ್ಣ ನಳಿಕೆ ಇದೆ. ವಿಮಾನ ಇಳಿಯುವಾಗ ಹೊರಗಿನ ಒತ್ತಡ ಏರುತ್ತದೆ. ಆ ನಳಿಕೆ ತೆರೆದುಕೊಂಡರೆ ಮಾತ್ರ ಒಳಗೂ ಹೊರಗೂ ಸಮವಾಗುತ್ತದೆ. ನೆಗಡಿಯಿದ್ದರೆ ಊತದಿಂದ ಅದು ಮುಚ್ಚಿಕೊಂಡಿರುತ್ತದೆ. ಆಗ ಕಿವಿಯ ತಮಟೆ ಒಳಕ್ಕೆ ಎಳೆದುಕೊಂಡು ವಿಪರೀತ ನೋವಾಗುತ್ತದೆ, ಕೆಲವೊಮ್ಮೆ ರಕ್ತ ಒಸರುತ್ತದೆ, ತಮಟೆ ಹರಿಯಲೂಬಹುದು. ದಿನಕ್ಕೆ ನಾಲ್ಕು ಸಲ ಏರಿ ನಾಲ್ಕು ಸಲ ಇಳಿಯುವವರಿಗೆ ಸಾದಾ ನೆಗಡಿಯೂ ರಜೆ ಹಾಕಬೇಕಾದ ಕಾಯಿಲೆ. ಸರಿಯಾಗಿ ತುಂಬದ ಹಲ್ಲಿನ ಕುಳಿಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಮೇಲೆ ಹೋದಾಗ ಹಲ್ಲೂ ನೋಯುತ್ತದೆ. ಹೊಟ್ಟೆಯ ಗಾಳಿ ಮೂರನೇ ಒಂದು ಪಾಲಿನಷ್ಟು ಹಿಗ್ಗಿ ಉಬ್ಬರ ಬರುತ್ತದೆ. ಇವೆಲ್ಲ ನೆಲಕ್ಕೆ ಇಳಿದ ಮೇಲೆ ಹೆಚ್ಚಿನಂಶ ಸರಿಹೋಗುತ್ತವೆ.

ನೆಲಕ್ಕಿಳಿದ ಮೇಲೂ ಬಿಡದೆ ಮನೆವರೆಗೆ ಬರುವುದು ಮುಂದಿನದು.

## ದೇಹದೊಳಗಿನ ಗಡಿಯಾರ

ಮಿದುಳಿನ ಬುಡದಲ್ಲಿ, ಕಣ್ಣಿನಿಂದ ಬರುವ ನರಗಳು ಹಾದುಹೋಗುವ ಜಾಗದ ಮೇಲೆ, ಸಣ್ಣದೊಂದು ಜೀವಕೋಶಗಳ ಗುಂಪಿದೆ. ದೇಹದ ಮುಖ್ಯ ಗಡಿಯಾರ ಅದು. ಕಣ್ಣಿಗೆ ಬೀಳುವ ಬೆಳಕು ನೋಡಿ ಅದು ಹಗಲು ಯಾವುದು, ರಾತ್ರಿ ಯಾವುದು ಎಂದು ತೀರ್ಮಾನಿಸುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನು ಹರಿಯುವಂತೆ ಮಾಡಿ ನಿದ್ದೆಗೆ ದಾರಿ ಮಾಡಿಕೊಡುತ್ತದೆ. ಮುಖ್ಯ ಗಡಿಯಾರ ಒಂದೇ ಅಲ್ಲ, ಲಿವರ್, ಕರುಳು, ಹೃದಯ ಎಲ್ಲಕ್ಕೂ ತಮ್ಮತಮ್ಮ ಗಡಿಯಾರಗಳಿವೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ಓಡುತ್ತದೆ ಎಂದು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು.

ಬೇರೆ ದೇಶಕ್ಕೆ ಹಾರಿದಾಗ ಮುಖ್ಯ ಗಡಿಯಾರ ಅಲ್ಲಿನ ಬೆಳಕಿಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಸುಮಾರಾಗಿ ಒಂದು ಗಂಟೆಯ ವ್ಯತ್ಯಾಸಕ್ಕೆ ಒಂದು ದಿನ. ಪೂರ್ವಕ್ಕೆ ಹಾರಿದರೆ ಇನ್ನೂ ನಿಧಾನ, ಏಕೆಂದರೆ ದೇಹಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಉಳಿದ ಅಂಗಗಳು ತಮ್ಮದೇ ವೇಗದಲ್ಲಿ ಹಿಂದೆ ಬರುತ್ತವೆ. ಮದುವೆ ಮನೆಯಲ್ಲಿ ಪುರೋಹಿತರ ಗಡಿಯಾರ ಒಂದು ಹೊತ್ತು ತೋರಿಸಿ, ಅಡುಗೆಯವರದು ಇನ್ನೊಂದು, ವಾಲಗದವರದು ಮತ್ತೊಂದು ತೋರಿಸಿದರೆ ಮುಹೂರ್ತ ಹೇಗಿದ್ದೀತು? ದೇಹದ ಪಾಡು ಆಗ ಹಾಗೆಯೇ. ನಡುರಾತ್ರಿ ಹಸಿವು, ಊಟದ ಹೊತ್ತಿಗೆ ವಾಕರಿಕೆ, ಮಲಬದ್ಧತೆ, ಕಣ್ಣು ಮುಚ್ಚಿದರೂ ಬಾರದ ನಿದ್ದೆ. ಇದೇ ಜೆಟ್ ಲ್ಯಾಗ್. ಪ್ರವಾಸಿಗೆ ವಾರದಲ್ಲಿ ಸರಿಹೋಗುತ್ತದೆ. ಸಿಬ್ಬಂದಿ ಮಾತ್ರ ಗಡಿಯಾರಗಳು ಒಂದಾಗುವ ಮೊದಲೇ ವಾಪಸ್ ಹೊರಟಿರುತ್ತಾರೆ.

ದೇಶದ ಒಳಗೇ ಹಾರುವವರಿಗೆ ಜೆಟ್ ಲ್ಯಾಗ್ ಇಲ್ಲ, ಆದರೆ ಬೆಳಗಿನ ಜಾವದ ಡ್ಯೂಟಿ ಇದೆ. ಒಂದು ಉದಾಹರಣೆ ಇಟ್ಟುಕೊಳ್ಳಿ. ಬೆಂಗಳೂರಿನಿಂದ ದೆಹಲಿಗೆ ಬೆಳಿಗ್ಗೆ 5 ಗಂಟೆಯ ವಿಮಾನ. ಪೈಲಟ್ ಒಂದು ಗಂಟೆ ಮುಂಚೆ, 4ಕ್ಕೆ ಹಾಜರಿರಬೇಕು. ಜಯನಗರದಲ್ಲಿ ಮನೆ ಇದ್ದರೆ ದೇವನಹಳ್ಳಿ ಮುಟ್ಟಲು 2.45ಕ್ಕಾದರೂ ಹೊರಡಬೇಕು. ಏಳುವುದು 1.45ಕ್ಕೆ. ‘ಬೇಗ ಮಲಗಿದರಾಯಿತು’ ಎಂದು ಹೇಳುವುದು ಸುಲಭ. ಆದರೆ ಸಂಜೆ ಏಳರಿಂದ ಒಂಬತ್ತರವರೆಗೆ ದೇಹ ಅತ್ಯಂತ ಚುರುಕಾಗಿರುವ ಹೊತ್ತು. ರೂಢಿಯ ಮಲಗುವ ಸಮಯಕ್ಕೆ ಎರಡು ಮೂರು ಗಂಟೆ ಮುಂಚೆ ಮಲಗಲು ಹೋದರೆ ದೇಹವೇ ಒಪ್ಪುವುದಿಲ್ಲ. ಮನೆಯಲ್ಲಿ ಮಕ್ಕಳ ಗಲಾಟೆ, ಪಕ್ಕದ ಮನೆಯ ಟೀವಿ ಬೇರೆ. ಹತ್ತಕ್ಕೆ ನಿದ್ದೆ ಹತ್ತಿದರೂ ಸಿಗುವುದು ನಾಲ್ಕು ಗಂಟೆಗಿಂತ ಕಡಿಮೆ. ಅದೇ ದಿನ ದೆಹಲಿಗೆ ಹೋಗಿ, ವಾಪಸ್ ಬೆಂಗಳೂರಿಗೆ ತಂದು ಇಳಿಸುವ ಹೊತ್ತಿಗೆ ಎದ್ದು ಒಂಬತ್ತು ಗಂಟೆ ದಾಟಿರುತ್ತದೆ. ನಾಳೆಯೂ ಇದೇ ಇದ್ದರೆ ನಿದ್ದೆಯ ಬಾಕಿ ಬೆಳೆಯುತ್ತಾ ಹೋಗುತ್ತದೆ.

ಈ ಬಾಕಿ ಏನು ಮಾಡುತ್ತದೆ? 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಅಳೆದು ನೋಡಿದರು. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05 ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಕುಸಿದಿತ್ತು. ನಮ್ಮ ದೇಶದಲ್ಲಿ ಕುಡಿದು ವಾಹನ ಓಡಿಸುವುದಕ್ಕೆ ಇರುವ ಮಿತಿ ಶೇ 0.03. ಪೈಲಟ್ ಕುಡಿದಿದ್ದಾನೆಯೇ ಎಂದು ಊದಿಸಿ ಪರೀಕ್ಷಿಸಬಹುದು. ನಿದ್ದೆಗೆಟ್ಟಿದ್ದಾನೆಯೇ ಎಂದು ತಿಳಿಯಲು ಅಂಥ ಯಂತ್ರವಿಲ್ಲ. ಅದಕ್ಕೇ ಗಂಟೆಗಳ ಲೆಕ್ಕದ ನಿಯಮ ಬೇಕಾಗಿರುವುದು.

ವರ್ಷಗಟ್ಟಲೆ ಹೀಗೆ ನಡೆದರೆ? 2001ರಲ್ಲಿ ಬ್ರಿಟನ್ನಿನಲ್ಲಿ ಕ್ಯಾಬಿನ್ ಸಿಬ್ಬಂದಿಯ 20 ಮಹಿಳೆಯರ ಮೇಲೆ ನಡೆದ ಅಧ್ಯಯನ ಒಂದಿದೆ. ದೂರದ ಹಾರಾಟಗಳ ನಡುವೆ ಐದು ದಿನಕ್ಕಿಂತ ಕಡಿಮೆ ಬಿಡುವು ಸಿಗುತ್ತಿದ್ದವರನ್ನು ಎರಡು ವಾರಕ್ಕಿಂತ ಜಾಸ್ತಿ ಬಿಡುವು ಸಿಗುತ್ತಿದ್ದವರ ಜೊತೆ ಹೋಲಿಸಿದರು. ಮೊದಲ ಗುಂಪಿನವರಲ್ಲಿ ಮಿದುಳಿನ ಬಲ ಪಾರ್ಶ್ವದ ಒಂದು ಭಾಗ ಚಿಕ್ಕದಾಗಿತ್ತು, ಜಾಗ ನೆನಪಿಡುವ ಪರೀಕ್ಷೆಯಲ್ಲೂ ಅವರು ಹಿಂದೆ ಬಿದ್ದರು. ಗುಂಪು ಸಣ್ಣದು, ಆದ್ದರಿಂದ ಇದೊಂದನ್ನೇ ನೆಚ್ಚಿಕೊಂಡು ತೀರ್ಪು ಕೊಡಲಾಗದು. ಆದರೆ ಪಾಳಿಯಲ್ಲಿ ದುಡಿಯುವ ನರ್ಸ್‌ಗಳು, ಕಾರ್ಖಾನೆ ನೌಕರರ ಮೇಲೆ ನಡೆದ ದೊಡ್ಡ ಅಧ್ಯಯನಗಳೂ ರಾತ್ರಿ ಕೆಲಸಕ್ಕೂ ಮಧುಮೇಹ, ಹೃದಯದ ಕಾಯಿಲೆ, ತೂಕ ಏರಿಕೆಗೂ ನಂಟು ಕಂಡಿವೆ.

## ಮಂಗಳೂರು, 2010

ಇದನ್ನು ಕನ್ನಡಿಗರಿಗೆ ಹೇಳಲು ದೂರದ ಉದಾಹರಣೆ ಬೇಕಿಲ್ಲ.

2010ರ ಮೇ 22ರ ಬೆಳಿಗ್ಗೆ ಆರು ಗಂಟೆ ದಾಟಿತ್ತು. ದುಬೈನಿಂದ ರಾತ್ರಿ ಹೊರಟಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಕೊಂಡರು. ಎಂಟು ಜನ ಬದುಕಿದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನದ ಗಾಯ ಇನ್ನೂ ಮಾಗಿಲ್ಲ.

ಕಾಕ್‌ಪಿಟ್‌ನ ಮಾತುಗಳನ್ನು ದಾಖಲಿಸುವ ಪೆಟ್ಟಿಗೆಯಲ್ಲಿ ಕೊನೆಯ ಎರಡು ಗಂಟೆ ಐದು ನಿಮಿಷದ ಸದ್ದು ಸಿಕ್ಕಿತು. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತೇ ಇರಲಿಲ್ಲ. ಕ್ಯಾಪ್ಟನ್ ಗಾಢ ನಿದ್ದೆಯಲ್ಲಿದ್ದರು, ಗೊರಕೆ ಕೇಳಿಸುತ್ತಿತ್ತು. ಎಚ್ಚರವಾದ ಮೇಲೆ ಇಳಿಯಲು ಉಳಿದದ್ದು ಸ್ವಲ್ಪವೇ ಹೊತ್ತು. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರು. ಇಳಿಸಬೇಡಿ, ಮೇಲೆತ್ತಿ ಸುತ್ತಿ ಬನ್ನಿ ಎಂದು ಅರ್ಥ. ಯಂತ್ರವೂ ಎಚ್ಚರಿಸುತ್ತಿತ್ತು. ಆದರೂ ಇಳಿಸಿದರು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ, ಸರಿಯಿಲ್ಲದ ಇಳಿತವನ್ನು ಕೈಬಿಡದೆ ಮುಂದುವರಿಸಿದ್ದೇ ನೇರ ಕಾರಣ ಎಂದಿತು. ಅದಕ್ಕೆ ಕೂಡಿಬಂದ ಸಂಗತಿಗಳಲ್ಲಿ ಕ್ಯಾಪ್ಟನ್‌ರ ದೀರ್ಘ ನಿದ್ದೆಯನ್ನು ಹೆಸರಿಸಿತು. ಇಲ್ಲಿ ಎರಡು ಸಂಗತಿ ತಿಳಿದುಕೊಳ್ಳಬೇಕು.

ಒಂದು, ‘ಸ್ಲೀಪ್ ಇನರ್ಷಿಯಾ’. ಗಾಢ ನಿದ್ದೆಯಿಂದ ಎದ್ದ ಕೂಡಲೇ ಕಣ್ಣು ತೆರೆದಿದ್ದರೂ ಮಿದುಳು ಪೂರ್ತಿ ಎದ್ದಿರುವುದಿಲ್ಲ. ಮಂಪರು ಹತ್ತು ನಿಮಿಷದಿಂದ ಅರ್ಧ ಗಂಟೆಯವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ತೀರ್ಮಾನ ತಪ್ಪುತ್ತದೆ. ಹಿಡಿದದ್ದನ್ನೇ ಹಿಡಿದುಕೊಂಡು ಹೋಗುವ ಮನಸ್ಸಾಗುತ್ತದೆ. ಎರಡು, ‘ವಿಂಡೋ ಆಫ್ ಸರ್ಕೇಡಿಯನ್ ಲೋ’. ನಸುಕಿನ 2ರಿಂದ 6 ಗಂಟೆಯ ನಡುವೆ ದೇಹದ ಉಷ್ಣತೆ ಇಳಿದಿರುತ್ತದೆ, ಚುರುಕುತನ ತಳ ಮುಟ್ಟಿರುತ್ತದೆ. ಆ ವಿಮಾನ ಹಾರಿದ್ದು ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ.

ಸಣ್ಣ ನಿದ್ದೆ ತಪ್ಪೇನಲ್ಲ. ನಾಸಾ ನಡೆಸಿದ ಪ್ರಯೋಗದಲ್ಲಿ ದೂರದ ಹಾರಾಟದ ಪೈಲಟ್‌ಗಳಿಗೆ ಸರದಿಯಂತೆ ಕುರ್ಚಿಯಲ್ಲೇ 40 ನಿಮಿಷ ವಿರಾಮ ಕೊಟ್ಟರು. ಅವರು ಸರಾಸರಿ 26 ನಿಮಿಷ ಮಲಗಿದರು, ಎದ್ದ ಮೇಲೆ ಚುರುಕಾಗಿದ್ದರು. ಹೊತ್ತು ನಿಗದಿ ಮಾಡಿ, ಇನ್ನೊಬ್ಬರಿಗೆ ಹೇಳಿ, ಇಳಿಯುವುದಕ್ಕೆ ತುಂಬಾ ಮುಂಚೆ ಎದ್ದರೆ ಅದು ಔಷಧಿಯಂತೆ ಕೆಲಸ ಮಾಡುತ್ತದೆ. ಹದಿನೈದು ಹದಿನಾರು ಗಂಟೆ ಹಾರುವ ವಿಮಾನದಲ್ಲಿ ನಾಲ್ವರು ಪೈಲಟ್‌ಗಳಿರುತ್ತಾರೆ. ಬೋಯಿಂಗ್ 777ರಂಥ ವಿಮಾನಗಳಲ್ಲಿ ಪ್ರಯಾಣಿಕರ ತಲೆಯ ಮೇಲೆ, ಚಾವಣಿಯ ಹಿಂದೆ, ಸಿಬ್ಬಂದಿಗೆ ಮಲಗಲು ಸಣ್ಣ ಜಾಗ ಇರುತ್ತದೆ. ಕಿರಿದಾದ ಮೆಟ್ಟಿಲು ಹತ್ತಿ, ಬಗ್ಗಿಕೊಂಡು ಒಳಗೆ ಹೋಗಿ, ಮಲಗಿದ ಮೇಲೂ ಬೆಲ್ಟ್ ಕಟ್ಟಿಕೊಳ್ಳಬೇಕು.

## ಆಕಾಶದಿಂದ ಬೀಳುವ ಕಿರಣ

1912ರಲ್ಲಿ ವಿಕ್ಟರ್ ಹೆಸ್ ಎಂಬ ಆಸ್ಟ್ರಿಯಾದ ವಿಜ್ಞಾನಿ ಬಲೂನಿನಲ್ಲಿ ಐದು ಕಿಲೋಮೀಟರ್‌ಗೂ ಮೇಲೆ ಏರಿ ವಿಕಿರಣ ಅಳೆದರು. ಮೇಲೆ ಹೋದಂತೆ ಅದು ಕಡಿಮೆಯಾಗಬಹುದು ಎಂದು ಬಹಳ ಜನ ನಂಬಿದ್ದ ಕಾಲ ಅದು. ಅಳತೆಯಲ್ಲಿ ಅದು ಜಾಸ್ತಿಯಾಯಿತು. ಅಂದರೆ ವಿಕಿರಣ ಬಾಹ್ಯಾಕಾಶದಿಂದ ಬರುತ್ತಿದೆ. ಅದನ್ನೇ ಕಾಸ್ಮಿಕ್ ಕಿರಣ ಎನ್ನುತ್ತೇವೆ. ಹೆಸ್‌ಗೆ 1936ರಲ್ಲಿ ನೊಬೆಲ್ ಬಂತು.

ನೆಲದ ಮೇಲಿರುವ ನಮಗೆ ತಲೆಯ ಮೇಲಿನ ಗಾಳಿಯೇ ರಕ್ಷಣೆ. ವಿಮಾನ ಆ ಗಾಳಿಯ ಬಹುಭಾಗವನ್ನು ಕೆಳಗೆ ಬಿಟ್ಟು ಹೋಗಿರುತ್ತದೆ. ವಿಮಾನದ ತೆಳು ಲೋಹ ಈ ಕಿರಣಗಳನ್ನು ತಡೆಯಲಾರದು.

ವಿಕಿರಣ ದೇಹಕ್ಕೆ ಎಷ್ಟು ತಾಗಿತು ಎಂದು ಅಳೆಯುವುದು ಮಿಲಿಸೀವರ್ಟ್ ಎಂಬ ಮಾನದಲ್ಲಿ. ಮಣ್ಣು, ಕಲ್ಲು, ಗಾಳಿ, ಆಹಾರದಿಂದ ಪ್ರಪಂಚದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಾಗುತ್ತದೆ. ವಿಮಾನ ಸಿಬ್ಬಂದಿಗೆ ಇದರ ಮೇಲೆ ಸುಮಾರು 2ರಿಂದ 5 ಸೇರುತ್ತದೆ. ಅಮೆರಿಕದ ಲೆಕ್ಕದಲ್ಲಿ ಸರಾಸರಿ 3.07 ಬಂದಿತ್ತು. ಅಲ್ಲಿನ ಅಣು ವಿದ್ಯುತ್ ಸ್ಥಾವರಗಳ ನೌಕರರ ಸರಾಸರಿಗಿಂತಲೂ ಇದು ಹೆಚ್ಚು. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಹೇಳುವ ಮಿತಿ ವರ್ಷಕ್ಕೆ ಸರಾಸರಿ 20. ಅದಕ್ಕಿಂತ ಸಿಬ್ಬಂದಿಗೆ ತಾಗುವುದು ತುಂಬಾ ಕಡಿಮೆ. ಆದರೂ 1990ರಲ್ಲೇ ಆ ಆಯೋಗ ವಿಮಾನ ಸಿಬ್ಬಂದಿಯನ್ನು ವಿಕಿರಣಕ್ಕೆ ಒಡ್ಡಿಕೊಳ್ಳುವ ನೌಕರರೆಂದು ಪರಿಗಣಿಸಬೇಕು ಎಂದಿತು. ಯುರೋಪಿನಲ್ಲಿ, ವರ್ಷಕ್ಕೆ ಒಂದು ಮಿಲಿಸೀವರ್ಟ್ ದಾಟುವ ಸಾಧ್ಯತೆ ಇರುವ ಸಿಬ್ಬಂದಿಯ ಲೆಕ್ಕ ಇಡುವುದು ಕಾನೂನು.

ಎಲ್ಲಿ ಹಾರುತ್ತೀರಿ ಎಂಬುದೂ ಮುಖ್ಯ. ಭೂಮಿಯ ಕಾಂತಕ್ಷೇತ್ರ ಸಮಭಾಜಕದ ಹತ್ತಿರ ಕಿರಣಗಳನ್ನು ಚೆನ್ನಾಗಿ ತಳ್ಳಿಹಾಕುತ್ತದೆ, ಧ್ರುವಗಳ ಹತ್ತಿರ ಬಿಟ್ಟುಕೊಡುತ್ತದೆ. ಈ ಕಾಂತದ ಕಾವಲು ಅತಿ ಗಟ್ಟಿಯಾಗಿರುವ ಪ್ರದೇಶಗಳಲ್ಲಿ ನಮ್ಮ ದಕ್ಷಿಣ ಏಷ್ಯಾ ಒಂದು. ಹಾಗಾಗಿ ಬೆಂಗಳೂರು-ಕೊಚ್ಚಿ, ಬೆಂಗಳೂರು-ಹೈದರಾಬಾದ್ ಹಾರುವವರಿಗೆ ತಾಗುವುದು ಕಡಿಮೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ನೇರ ಬೆಂಗಳೂರಿಗೆ ಬಂದಿಳಿದದ್ದು ದೊಡ್ಡ ಸುದ್ದಿಯಾಗಿತ್ತು. ಅಂಥ ದಾರಿಯಲ್ಲಿ ಗಂಟೆಗೆ ತಾಗುವ ವಿಕಿರಣ ನಮ್ಮ ದಕ್ಷಿಣದ ಆಕಾಶದ್ದಕ್ಕಿಂತ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು.

ಗರ್ಭಿಣಿಯರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಗರ್ಭ ತಿಳಿದ ಮೇಲೆ ಉಳಿದ ಅವಧಿಯಲ್ಲಿ ಮಗುವಿಗೆ ಒಂದು ಮಿಲಿಸೀವರ್ಟ್ ದಾಟಬಾರದು ಎಂಬುದು ಅದೇ ಆಯೋಗದ ಮಾತು. 2015ರಲ್ಲಿ ಪ್ರಕಟವಾದ ಅಮೆರಿಕದ ಸರ್ಕಾರಿ ಅಧ್ಯಯನವೊಂದು, ಮೊದಲ ಮೂರು ತಿಂಗಳಲ್ಲಿ ಮನೆಯ ನಿದ್ದೆಯ ಹೊತ್ತಿನಲ್ಲಿ 15 ಗಂಟೆಗಿಂತ ಹೆಚ್ಚು ಹಾರಿದ ಕ್ಯಾಬಿನ್ ಸಿಬ್ಬಂದಿಯಲ್ಲಿ ಗರ್ಭಪಾತದ ಸಾಧ್ಯತೆ ಜಾಸ್ತಿ ಎಂದು ಕಂಡಿತು. ಇಲ್ಲೂ ಗಡಿಯಾರ ಬಂತು, ನೋಡಿ.

## ಹಾಗಾದರೆ ಕ್ಯಾನ್ಸರ್?

ಎಲ್ಲರಿಗೂ ಹೆಚ್ಚು ಭಯ ಹುಟ್ಟಿಸುವ ಪ್ರಶ್ನೆ ಇದು. 2018ರಲ್ಲಿ ಹಾರ್ವರ್ಡ್ ಸಂಶೋಧಕರು ಅಮೆರಿಕದ 5,366 ಕ್ಯಾಬಿನ್ ಸಿಬ್ಬಂದಿಯ ಮಾಹಿತಿ ಪ್ರಕಟಿಸಿದರು. ಮಹಿಳಾ ಸಿಬ್ಬಂದಿಯಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣ ಶೇ 3.4 ಇದ್ದರೆ, ಅದೇ ವಯಸ್ಸಿನ ಉಳಿದ ಮಹಿಳೆಯರಲ್ಲಿ ಶೇ 2.3 ಇತ್ತು. ಚರ್ಮದ ಕ್ಯಾನ್ಸರ್ ಕೂಡ ಹೆಚ್ಚು ಕಂಡಿತು. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಪೈಲಟ್‌ಗಳಲ್ಲೂ ಕ್ಯಾಬಿನ್ ಸಿಬ್ಬಂದಿಯಲ್ಲೂ ಇತರರಿಗಿಂತ ಸುಮಾರು ಎರಡು ಪಟ್ಟು ಇತ್ತು.

ಕಾರಣ ಇದೇ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಕಾಸ್ಮಿಕ್ ಕಿರಣ ಇದೆ. ಕಾಕ್‌ಪಿಟ್ ಗಾಜಿನಿಂದ ಒಳಬರುವ ಅತಿನೇರಳೆ ಎ ಕಿರಣ ಇದೆ. ರಾತ್ರಿ ಪಾಳಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ರಾತ್ರಿ ಪಾಳಿಯನ್ನು 2007ರಲ್ಲೇ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಪಟ್ಟಿಗೆ ಸೇರಿಸಿ, 2019ರಲ್ಲಿ ಮತ್ತೆ ಖಚಿತಪಡಿಸಿತು. ಬಿಡುವಿನಲ್ಲಿ ಸಮುದ್ರ ತೀರದಲ್ಲಿ ಬಿಸಿಲು ಕಾಯಿಸುವ ಅಭ್ಯಾಸ, ತಡವಾಗಿ ಮಕ್ಕಳಾಗುವುದು ಇವೂ ಲೆಕ್ಕ ಕಲಸುತ್ತವೆ. ಮೆಲನೋಮಾ ಅಧ್ಯಯನಗಳು ಹೆಚ್ಚಾಗಿ ಬಿಳಿ ಚರ್ಮದವರ ಮೇಲೆ ನಡೆದಿವೆ. ನಮ್ಮ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವುದರಿಂದ ಆ ಸಂಖ್ಯೆಗಳನ್ನು ಹಾಗೇ ಎತ್ತಿ ಇಲ್ಲಿಗೆ ಅನ್ವಯಿಸಬಾರದು.

ಇನ್ನೊಂದು ಮಾತನ್ನೂ ಹೇಳಬೇಕು. ಪೈಲಟ್‌ಗಳು ಹೃದಯಾಘಾತದಿಂದ ಸಾಯುವುದು ಸಾಮಾನ್ಯ ಜನರಿಗಿಂತ ಕಡಿಮೆ. ಹಾರಾಟ ಒಳ್ಳೆಯದು ಎಂದು ಇದರ ಅರ್ಥವಲ್ಲ. ಆರೋಗ್ಯವಂತರನ್ನೇ ಆರಿಸಿ ಕೆಲಸಕ್ಕೆ ತೆಗೆದುಕೊಂಡು, ಪ್ರತಿ ವರ್ಷ ಪರೀಕ್ಷಿಸುತ್ತಾರೆ, ಅಷ್ಟೇ.

## ಬೆನ್ನು, ಭುಜ, ಟ್ರಾಲಿ

ಹಾರುವಾಗ ವಿಮಾನದ ಮೂತಿ ಎರಡು ಮೂರು ಡಿಗ್ರಿ ಮೇಲಕ್ಕಿರುತ್ತದೆ. ಕೂತವರಿಗೆ ಗೊತ್ತಾಗುವುದಿಲ್ಲ. ಊಟ, ನೀರು, ಜ್ಯೂಸ್ ತುಂಬಿದ ಟ್ರಾಲಿಯನ್ನು ಹಿಂದಿನಿಂದ ಮುಂದಕ್ಕೆ ತಳ್ಳುವವರ ಸೊಂಟಕ್ಕೆ ಗೊತ್ತಾಗುತ್ತದೆ. ಗಾಳಿಯ ಕುಲುಕಾಟದಲ್ಲಿ ಗಂಭೀರವಾಗಿ ಗಾಯಗೊಳ್ಳುವವರಲ್ಲಿ ಸಿಬ್ಬಂದಿಯೇ ಹೆಚ್ಚು. ಅಮೆರಿಕದ ದಾಖಲೆಯಲ್ಲಿ ಅವರ ಪಾಲು ಮುಕ್ಕಾಲಿಗೂ ಮೇಲು. ಬೆಲ್ಟ್ ಕಟ್ಟಿಕೊಳ್ಳಿ ಎಂದು ನಮಗೆ ಹೇಳುತ್ತಾ ಓಡಾಡುವವರು ಆ ಹೊತ್ತಿಗೆ ತಾವು ಕಟ್ಟಿಕೊಂಡಿರುವುದಿಲ್ಲ.

## ಹೇಳಿಕೊಳ್ಳಲಾಗದ ಕಷ್ಟ

ಪೈಲಟ್‌ನ ಲೈಸೆನ್ಸ್ ನಿಂತಿರುವುದು ವೈದ್ಯಕೀಯ ಪ್ರಮಾಣಪತ್ರದ ಮೇಲೆ. ಅದು ಕೈತಪ್ಪಿದರೆ ಕೆಲಸ ನಿಲ್ಲುತ್ತದೆ. ತರಬೇತಿಗೆ ಮಾಡಿದ ಲಕ್ಷಾಂತರ ರೂಪಾಯಿ ಸಾಲ ನಿಲ್ಲುವುದಿಲ್ಲ. ಹಾಗಾಗಿ ನಿದ್ದೆ ಬರುತ್ತಿಲ್ಲ, ಮನಸ್ಸು ಕುಗ್ಗಿದೆ ಎಂದು ಬಾಯಿಬಿಡಲು ಹೆದರುತ್ತಾರೆ. 2015ರಲ್ಲಿ ಜರ್ಮನ್‌ವಿಂಗ್ಸ್‌ನ ಸಹ ಪೈಲಟ್ ಒಬ್ಬ ತನ್ನ ಕಾಯಿಲೆ ಮುಚ್ಚಿಟ್ಟು, ಬೇಕೆಂದೇ ವಿಮಾನವನ್ನು ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದ. 150 ಜನ ಸತ್ತರು. ಮರುವರ್ಷ ಹಾರ್ವರ್ಡ್ ತಂಡ ಹೆಸರು ಕೇಳದೆ ಪೈಲಟ್‌ಗಳ ಸಮೀಕ್ಷೆ ಪ್ರಕಟಿಸಿತು. ಉತ್ತರಿಸಿದವರಲ್ಲಿ ಶೇ 12.6ರಷ್ಟು ಮಂದಿಗೆ ಖಿನ್ನತೆಯ ಲಕ್ಷಣವಿತ್ತು. ಹೆಸರು ಹೇಳಬೇಕಿಲ್ಲ ಎಂದಾಗ ಮಾತ್ರ ಹೊರಬಿದ್ದ ಸತ್ಯ ಇದು. ಯುರೋಪಿನಲ್ಲಿ ಈಗ ಪ್ರತಿ ವಿಮಾನ ಸಂಸ್ಥೆಯೂ, ಪೈಲಟ್‌ಗಳು ತಮ್ಮ ಸಹೋದ್ಯೋಗಿಗಳ ಹತ್ತಿರವೇ ಗುಟ್ಟಾಗಿ ಕಷ್ಟ ಹೇಳಿಕೊಳ್ಳುವ ವ್ಯವಸ್ಥೆ ಇಡಲೇಬೇಕು. ಮನಸ್ಸಿನ ಕಾಯಿಲೆಯನ್ನು ಶಿಕ್ಷೆಯ ಭಯವಿಲ್ಲದೆ ಹೇಳಿಕೊಳ್ಳುವ ದಾರಿ ಇದ್ದರೆ ಪ್ರಯಾಣಿಕರಿಗೂ ಅದೇ ಕ್ಷೇಮ.

ಪೈಲಟ್ ಆಗಬಯಸುವವರ ದೇಹ ಪರೀಕ್ಷಿಸುವ ದೇಶದ ಪ್ರಮುಖ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ, 1957ರಲ್ಲಿ ಶುರುವಾದದ್ದು. ಭಾರತದ ‘ಗಗನಯಾನ’ ಬಾಹ್ಯಾಕಾಶ ಯೋಜನೆಯ ಯಾತ್ರಿಗಳ ದೇಹ ಪರೀಕ್ಷೆ ನಡೆದದ್ದೂ ಅಲ್ಲೇ.

## ಹೊಸ ನಿಯಮ ಬದಲಿಸಿದ್ದೇನು?

ಇಷ್ಟು ತಿಳಿದ ಮೇಲೆ ಎಫ್‌ಡಿಟಿಎಲ್ ಅರ್ಥ ಮಾಡಿಕೊಳ್ಳುವುದು ಸುಲಭ. ವಾರದ ನಿರಂತರ ವಿಶ್ರಾಂತಿ 36 ಗಂಟೆ ಇದ್ದದ್ದು 48 ಆಯಿತು, ಅದರಲ್ಲಿ ಎರಡು ರಾತ್ರಿ ಸೇರಿರಬೇಕು. ನಿದ್ದೆಯ ಬಾಕಿ ತೀರಲು ಒಂದು ರಾತ್ರಿ ಸಾಲದು, ಅದಕ್ಕೆ. ‘ರಾತ್ರಿ’ ಎಂದರೆ ಹಿಂದೆ 12ರಿಂದ ಬೆಳಿಗ್ಗೆ 5, ಈಗ 6ರವರೆಗೆ. ಚುರುಕುತನ ತಳ ಮುಟ್ಟುವ ಹೊತ್ತು ಪೂರ್ತಿ ಇದರೊಳಗೆ ಬಂತು. ರಾತ್ರಿ ಹೊತ್ತು ಆರು ಸಲ ಇಳಿಸಬಹುದಾಗಿದ್ದದ್ದನ್ನು ಎರಡಕ್ಕೆ ಇಳಿಸಿದರು, ಏಕೆಂದರೆ ಇಡೀ ಹಾರಾಟದಲ್ಲಿ ಹೆಚ್ಚು ಗಮನ ಬೇಡುವ ಕೆಲಸಗಳಲ್ಲಿ ಇಳಿಸುವುದೂ ಒಂದು. ರಾತ್ರಿ ತಾಗುವ ಡ್ಯೂಟಿ 10 ಗಂಟೆ, ಹಾರಾಟ 8 ಗಂಟೆ ಮೀರುವಂತಿಲ್ಲ.

ಡಿಸೆಂಬರ್‌ನ ಗೊಂದಲದ ನಂತರ ರಾತ್ರಿ ಡ್ಯೂಟಿಯ ನಿಯಮಗಳಲ್ಲಿ ಇಂಡಿಗೊಗೆ 2026ರ ಫೆಬ್ರುವರಿ 10ರವರೆಗೆ ತಾತ್ಕಾಲಿಕ ವಿನಾಯಿತಿ ಕೊಟ್ಟರು. ಈ ನಿಯಮ ಪೈಲಟ್‌ಗಳದ್ದು. ಕ್ಯಾಬಿನ್ ಸಿಬ್ಬಂದಿಗೆ ಬೇರೆ ನಿಯಮಾವಳಿ ಇದೆ. ಸುದ್ದಿಯಲ್ಲಿ ಅವರ ಮಾತು ಕೇಳಿಬಂದದ್ದು ತೀರಾ ಕಡಿಮೆ, ಆ ನಸುಕಿನಲ್ಲಿ ಅವರೂ ಎದ್ದಿರುತ್ತಾರೆ.

## ಆಗಾಗ ಹಾರುವ ನಮಗೆ?

ಕಂಪನಿ ಕೆಲಸಕ್ಕೆ ತಿಂಗಳಿಗೆರಡು ಸಲ ಹಾರುವವರು ಬಹಳ ಜನ ಇದ್ದಾರೆ. ವಿಕಿರಣದ ಬಗ್ಗೆ ಸುಮ್ನೆ ಹೆದರಬೇಕಿಲ್ಲ. ಬೆಂಗಳೂರು-ಸ್ಯಾನ್‌ಫ್ರಾನ್ಸಿಸ್ಕೊ ಹೋಗಿ ಬಂದರೆ ತಾಗುವುದು ಹೆಚ್ಚುಕಡಿಮೆ 0.1ರಿಂದ 0.2 ಮಿಲಿಸೀವರ್ಟ್. ಗರ್ಭಿಣಿಯರು ಮಾತ್ರ ಪದೇ ಪದೇ ದೂರ ಹಾರುವ ಮೊದಲು ವೈದ್ಯರ ಹತ್ತಿರ ಮಾತಾಡಬೇಕು. ನೆಗಡಿ ಜೋರಿದ್ದರೆ ಪ್ರಯಾಣ ಮುಂದೂಡಿ. ಆಗದಿದ್ದರೆ ವಿಮಾನ ಇಳಿಯುವಾಗ ನಿದ್ದೆ ಮಾಡಬೇಡಿ, ಎಂಜಲು ನುಂಗುತ್ತಿರಿ, ಆಕಳಿಸಿ. ನಾಲ್ಕು ಗಂಟೆಗಿಂತ ಹೆಚ್ಚು ಕೂತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಗಡ್ಡೆಕಟ್ಟುವ ಸಾಧ್ಯತೆ ಏರುತ್ತದೆ, ಎದ್ದು ಓಡಾಡಿ. ಉಸಿರಾಟದ ಅಥವಾ ಹೃದಯದ ತೊಂದರೆ ಇರುವವರು ಟಿಕೆಟ್ ಮಾಡಿಸುವ ಮೊದಲೇ ವೈದ್ಯರನ್ನು ಕೇಳಿ, ನೆಲದ ಮೇಲೆ 95 ತೋರಿಸುವ ಆಕ್ಸಿಮೀಟರ್ ಮೇಲೆ ಹೋದಾಗ 90ಕ್ಕಿಂತ ಕೆಳಗೆ ಇಳಿಯಬಹುದು.

ನಡುರಾತ್ರಿ ಅಮೆರಿಕದಿಂದ ಬಂದಿಳಿದವರು ತಾವೇ ಕಾರು ಓಡಿಸಿಕೊಂಡು ಮೈಸೂರಿಗೋ ಹಾಸನಕ್ಕೋ ಹೊರಡುವುದನ್ನು ನೋಡುತ್ತೇವೆ. ಬೇಡ. ಪೈಲಟ್‌ಗೆ ಬೇಕಾದ ನಿದ್ದೆ ಸ್ಟೀರಿಂಗ್ ಹಿಡಿದವರಿಗೂ ಬೇಕು. ಮನೆಯವರನ್ನೋ ಡ್ರೈವರ್‌ನನ್ನೋ ಕರೆಸಿಕೊಳ್ಳಿ, ಇಲ್ಲವೇ ಮಲಗಿ ಎದ್ದು ಬೆಳಗಾದ ಮೇಲೆ ಹೊರಡಿ.